ಮನೆಗೆ ಬರುವ ಆರೈಕೆಯವರು: ಕೆಲಸ ಸರಿಯಾಗಿ ನಡೆದಿದೆಯೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಇರುವವರು, ಊರು ಧಾರವಾಡ. ನನ್ನ ಅವ್ವನಿಗೆ 76 ವರ್ಷ. ನಾಲ್ಕು ತಿಂಗಳ ಹಿಂದೆ ಲಕ್ವಾ (ಸ್ಟ್ರೋಕ್) ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿವೆ. ಮೊದಲು ನೆರೆಮನೆಯವರ ಜೊತೆ ಚೆನ್ನಾಗಿ ಮರಾಠಿ ಮಾತಾಡುತ್ತಿದ್ದವಳು ಈಗ ಆಡುವುದು ಹತ್ತಿಪ್ಪತ್ತು ಕನ್ನಡ ಶಬ್ದ ಮಾತ್ರ. ಮೂಗಿನ ನಳಿಗೆ ತೆಗೆದು ತಿಂಗಳಾಯಿತು, ಬಾಯಿಯಿಂದಲೇ ಮೆತ್ತಗಿನ ಊಟ ಕೊಡುತ್ತೇವೆ. ಡೈಪರ್ ಇದೆ. ನಾನೂ ಯಜಮಾನರೂ ಬೆಳಿಗ್ಗೆ ಲೋಕಲ್ ಹಿಡಿದು ಹೋದರೆ ಮನೆ ಸೇರುವುದು ರಾತ್ರಿ ಎಂಟಕ್ಕೆ. ಆಸ್ಪತ್ರೆಯಿಂದ ಬಿಡುವ ದಿನ ವಾರ್ಡಿನವರೊಬ್ಬರು ಕೊಟ್ಟ ನಂಬರಿನಿಂದ ಮನೆಗೆ ಆರೈಕೆಯವರನ್ನು ಕಳಿಸುವ ಒಂದು ಬ್ಯೂರೋ ಹಿಡಿದು 24 ತಾಸಿನ ಮಾವ್ಶಿಯನ್ನು (ಆಯಾಳನ್ನು) ಇಟ್ಟುಕೊಂಡೆವು. ಎರಡು ತಿಂಗಳಲ್ಲಿ ಇವರು ಮೂರನೆಯವರು. ಹುಡುಗಿ ಸೌಮ್ಯ, ಎದುರು ಮಾತಾಡುವುದಿಲ್ಲ. ಆದರೆ ಅವ್ವ ಇಡೀ ದಿನ ಮಂಪರಿನಲ್ಲಿರುತ್ತಾಳೆ, ಸೊಂಟದ ಕೆಳಗೆ ರೂಪಾಯಿಯಗಲ ಕೆಂಪು ಕಲೆ ಕಂಡಿದೆ, ತೋಳಿನ ಮೇಲೆ ನೀಲಿ ಗುರುತೂ ಇದೆ. ಬ್ಯೂರೋದವರನ್ನು ಕೇಳಿದರೆ, ‘ಸರ್ಟಿಫಿಕೇಟ್ ಇರುವ ಹುಡುಗಿ ಮೇಡಂ, ಪೊಲೀಸ್ ವೆರಿಫಿಕೇಶನ್ ಆಗಿದೆ’ ಅನ್ನುತ್ತಾರೆ. ಪುಣೆಯ ತಮ್ಮ ದೊಡ್ಡ ಕಂಪನಿಯಿಂದ ಜನ ತರಿಸು ಅನ್ನುತ್ತಾನೆ, ಯಜಮಾನರು ಸಿಸಿಟಿವಿ ಹಾಕೋಣ ಅನ್ನುತ್ತಾರೆ. ಸೇವೆ ಒಳ್ಳೆಯದೋ ಅಲ್ಲವೋ ಎಂದು ನಮ್ಮಂಥವರು ತಿಳಿಯುವುದು ಹೇಗೆ? ಬದಲಿಸಬೇಕೇ?

ಉತ್ತರ: ಇಷ್ಟು ದುಡ್ಡು ಕೊಟ್ಟೂ ಅವ್ವನನ್ನು ಸರಿಯಾದ ಕೈಗೆ ಒಪ್ಪಿಸಿದ್ದೇನೋ ಇಲ್ಲವೋ ಎಂಬುದು ನಿಮ್ಮ ಚಿಂತೆ. ಬ್ಯೂರೋ ಬದಲಿಸುವುದು ಮುಂದಿನ ವಾರದ ಮಾತು. ಸೊಂಟದ ಕಲೆ ಇವತ್ತಿನದು, ಮೊದಲು ಅದನ್ನು ನೋಡೋಣ. ಸೇವೆಯನ್ನು ಅಳೆಯುವ ದಾರಿಯೂ ಅಲ್ಲಿಂದಲೇ ತೆರೆದುಕೊಳ್ಳುತ್ತದೆ.

ಕಲೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿ ಬಿಡಿ. ಬೆರಳು ತೆಗೆದಾಗ ಚರ್ಮ ಕ್ಷಣಕಾಲ ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಇನ್ನೂ ಓಡಾಡುತ್ತಿದೆ. ಒತ್ತಡ ತೆಗೆದರೆ ಕಲೆ ಮಾಯುತ್ತದೆ. ಬಿಳಿಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಅದು ಬೆಡ್‌ಸೋರಿನ, ಅಂದರೆ ಮಲಗಿದ್ದಲ್ಲೇ ಆಗುವ ಒತ್ತಡದ ಹುಣ್ಣಿನ, ಮೊದಲ ಹಂತ. ನಮ್ಮ ಮೈಬಣ್ಣದಲ್ಲಿ ಎಷ್ಟೋ ಸಲ ಕೆಂಪು ಕಾಣುವುದೇ ಇಲ್ಲ. ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿ ಅಥವಾ ನೇರಳೆಯಾಗಿ ಇರುವುದು, ಮುಟ್ಟಿದರೆ ಬೆಚ್ಚಗಿರುವುದು, ಗಟ್ಟಿಯಾಗಿರುವುದು, ಇವೂ ಅದೇ ಲಕ್ಷಣ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮಕ್ಕೆ ತಾಸುಗಟ್ಟಲೆ ರಕ್ತ ಹೋಗದಿದ್ದಾಗ ಹೀಗಾಗುತ್ತದೆ. ಒದ್ದೆ ಡೈಪರ್ ಅದನ್ನು ಬೇಗ ಮಾಡಿಸುತ್ತದೆ. ರೋಗಿಯನ್ನು ಎತ್ತದೆ ಎಳೆದು ಮೇಲಕ್ಕೆ ಸರಿಸುವುದು ಇನ್ನೂ ಕೆಟ್ಟದ್ದು, ಚರ್ಮ ಒಂದು ಕಡೆ ಮಾಂಸ ಒಂದು ಕಡೆ ಜಗ್ಗಿದಂತಾಗಿ ಒಳಗಿನಿಂದಲೇ ಹರಿಯುತ್ತದೆ.

ಇಲ್ಲಿ ಕೆಲವು ಹಳೆಯ ನಂಬಿಕೆಗಳನ್ನು ಬಿಡಬೇಕು. ನಾನು ಕೆಲಸಕ್ಕೆ ಸೇರಿದ ಕಾಲದ ವಾರ್ಡುಗಳಲ್ಲಿ ದಿನಾ ಬೆನ್ನಿಗೆ ಸ್ಪಿರಿಟ್ ಉಜ್ಜಿ ಪೌಡರ್ ಹಾಕುವುದೇ ದೊಡ್ಡ ಸೇವೆ ಎನಿಸಿಕೊಂಡಿತ್ತು. ಈಗ ಅದು ಬೇಡ. ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ, ಪೌಡರ್ ಬೆವರಿನ ಜೊತೆ ಸೇರಿ ಉಂಡೆಕಟ್ಟುತ್ತದೆ. ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವುದೂ ತಪ್ಪು, ಮೊದಲೇ ನೊಂದ ಚರ್ಮ ಅದರಿಂದ ಸುಲಿಯುತ್ತದೆ. ಕೂರಿಸಲು ಗಾಳಿ ತುಂಬಿದ ಉಂಗುರ ಕೊಡುತ್ತಾರಲ್ಲ, ಅದು ನಡುವಿನ ಒತ್ತಡ ತೆಗೆದು ಸುತ್ತಲಿನ ಅಂಚಿನಲ್ಲಿ ಹೆಚ್ಚಿಸುತ್ತದೆ. ಇನ್ನು ಏರ್ ಬೆಡ್. ತುಂಬ ಮನೆಗಳಲ್ಲಿ ಅದನ್ನು ಹಾಕಿದ ಮೇಲೆ ಮಗ್ಗುಲು ಬದಲಿಸುವುದನ್ನೇ ಬಿಟ್ಟುಬಿಡುತ್ತಾರೆ. ಏರ್ ಬೆಡ್ ಸಹಾಯಕ್ಕೆ ಇರುವುದು, ಮಗ್ಗುಲು ಬದಲಿಸುವ ಕೈಗಳ ಬದಲಿಗೆ ಅಲ್ಲ. ಪಂಪಿನ ಸ್ವಿಚ್ ಆಫ್ ಆಗಿ ಹಾಸಿಗೆ ಚಪ್ಪಟೆಯಾಗಿ ಬಿದ್ದಿರುವುದನ್ನು ವಾರಗಟ್ಟಲೆ ಯಾರೂ ಗಮನಿಸದ ಮನೆಗಳನ್ನೂ ಕಂಡಿದ್ದೇನೆ.

ಈಗ ಮಾಡಬೇಕಾದದ್ದು ಇಷ್ಟು. ಕಲೆ ಹೋಗುವವರೆಗೆ ಅವ್ವನನ್ನು ಅಂಗಾತ ಮಲಗಿಸಬೇಡಿ. ಬೆನ್ನಿಗೆ ದಿಂಬು ಕೊಟ್ಟು ಸ್ವಲ್ಪವೇ ವಾರೆಯಾಗಿ, ಎರಡು ತಾಸಿಗೊಮ್ಮೆ ಎಡಕ್ಕೆ, ಬಲಕ್ಕೆ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿಗಳು ಹಾಸಿಗೆಗೆ ತಾಗದಂತೆ ನೋಡಿಕೊಳ್ಳಿ. ಮೇಲಕ್ಕೆ ಸರಿಸುವಾಗ ಕೆಳಗೆ ಒಂದು ಮಡಚಿದ ಚಾದರ ಹಾಕಿ ಇಬ್ಬರು ಹಿಡಿದೆತ್ತಿ. ಚರ್ಮ ಸುಲಿದರೆ, ನೀರುಗುಳ್ಳೆ ಎದ್ದರೆ, ಎರಡು ಮೂರು ದಿನದಲ್ಲಿ ಕಲೆ ಮಂಕಾಗದಿದ್ದರೆ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಅಂಗಡಿಯ ಮುಲಾಮು ಕೇಳಿ ತರಬೇಡಿ.

ಎರಡು ತಾಸಿಗೊಮ್ಮೆ ಎಂದರೆ ದಿನಕ್ಕೆ 12 ಸಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರೊಳಗೇ ನಾಲ್ಕು ಸಲ. ಇದನ್ನು ಯಾರು ಮಾಡುತ್ತಿದ್ದಾರೆ? ಆ ಹುಡುಗಿ ಬೆಳಿಗ್ಗೆ ಆರಕ್ಕೆ ಎದ್ದು ಮೈ ಒರೆಸಿ, ಡೈಪರ್ ಬದಲಿಸಿ, ಉಣಿಸಿ, ಬಟ್ಟೆ ಒಗೆದು, ರಾತ್ರಿಯೂ ನಾಲ್ಕು ಸಲ ಏಳಬೇಕೆಂದರೆ ಅದು ಮನುಷ್ಯರಿಂದ ಆಗುವ ಕೆಲಸವಲ್ಲ. ಒಂದು ವಾರ ಮಾಡಿಯಾಳು. ಎರಡನೇ ವಾರ ಅಲಾರಂ ಬಂದ್ ಮಾಡಿ ಮಲಗುತ್ತಾಳೆ. 24 ತಾಸಿನ ಆಳು ಎಂದರೆ 24 ತಾಸಿನ ಆರೈಕೆ ಎಂದು ನಾವು ತಿಳಿಯುತ್ತೇವೆ, ಬ್ಯೂರೋದವರೂ ಆ ತಿಳಿವಳಿಕೆಯನ್ನು ಕೆಡಿಸುವುದಿಲ್ಲ. ವಾಸ್ತವದಲ್ಲಿ ಅದು ಹಗಲಿನ ಆರೈಕೆ ಮತ್ತು ರಾತ್ರಿ ಮನೆಯಲ್ಲೇ ಮಲಗುವ ಒಬ್ಬ ವ್ಯಕ್ತಿ. ನಡೆದಾಡುವ, ರಾತ್ರಿ ಒಮ್ಮೆ ಬಾತ್‌ರೂಮಿಗೆ ಏಳುವ ಹಿರಿಯರಿಗೆ ಅಷ್ಟು ಸಾಕು. ಮಗ್ಗುಲು ಬದಲಿಸಲಾಗದ ನಿಮ್ಮ ಅವ್ವನಿಗೆ ಸಾಲದು. ನಾನು ನೋಡಿದ ಬೆಡ್‌ಸೋರುಗಳಲ್ಲಿ ಹೆಚ್ಚಿನವು ಕ್ರೂರಿಗಳ ಮನೆಯಲ್ಲಿ ಆದವಲ್ಲ, ನಿದ್ದೆಗೆಟ್ಟ ಒಬ್ಬಂಟಿ ಆಯಾಗಳಿದ್ದ ಒಳ್ಳೆಯ ಮನೆಗಳಲ್ಲಿ ಆದವು.

ಇನ್ನು ಸರ್ಟಿಫಿಕೇಟಿನ ಮಾತು. ನೀವು ದುಡ್ಡು ಕೊಟ್ಟು ತಂದದ್ದು ಯಾರನ್ನು ಎಂಬುದು ಮೊದಲು ಗೊತ್ತಿರಲಿ. ನರ್ಸುಗಳಲ್ಲಿ ಎಎನ್‌ಎಂ ಎರಡು ವರ್ಷದ ಕೋರ್ಸು, ಜಿಎನ್‌ಎಂ ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಇವರು ಈ ರಾಜ್ಯದಲ್ಲಿ ಕೆಲಸ ಮಾಡಲು ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿರಬೇಕು. ನಂಬರ್ ಕೇಳಿ, ನವೀಕರಣ ಆಗಿದೆಯೇ ನೋಡಿ. ಇದರ ಕೆಳಗೆ ಜಿಡಿಎ (ಜನರಲ್ ಡ್ಯೂಟಿ ಅಸಿಸ್ಟೆಂಟ್) ಅಥವಾ ಹೋಮ್ ಹೆಲ್ತ್ ಏಡ್ ಎಂಬ ಕೆಲವು ತಿಂಗಳ ತರಬೇತಿ ಇದೆ, ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುತ್ತದೆ. ಅದರ ಕೆಳಗೆ ಯಾವ ತರಬೇತಿಯೂ ಇಲ್ಲದೆ, ನಾಲ್ಕು ಮನೆ ಮಾಡಿ ಕೈ ಪಳಗಿದವರು. ಮುಂಬೈಯ ಮನೆಗಳಲ್ಲಿರುವ ಮಾವ್ಶಿಯರಲ್ಲಿ ಬಹಳ ಮಂದಿ ಈ ಕೊನೆಯ ಗುಂಪಿನವರೇ. ಅದರಿಂದ ಅವರು ಕೆಟ್ಟವರೆಂದೇನಲ್ಲ. ಕಾಗದವಿಲ್ಲದ ಎಷ್ಟೋ ಕೈಗಳು ಕಾಗದವಿರುವ ಕೈಗಳಿಗಿಂತ ಮೃದುವಾಗಿರುತ್ತವೆ. ಆದರೆ ನಳಿಗೆ ಹಾಕುವುದು, ಇಂಜೆಕ್ಷನ್ ಕೊಡುವುದು, ಗಾಯದ ಡ್ರೆಸ್ಸಿಂಗ್, ಕಫ ಎಳೆಯುವುದು ಇವರ ಕೆಲಸವಲ್ಲ. ‘ನನಗೆ ಎಲ್ಲ ಬರುತ್ತದೆ’ ಅನ್ನುವ ಆಯಾಗಿಂತ ‘ಇದು ನನಗೆ ಬರುವುದಿಲ್ಲ, ಸಿಸ್ಟರನ್ನು ಕರೆಯಿರಿ’ ಅನ್ನುವ ಆಯಾಳನ್ನು ನಾನು ಹೆಚ್ಚು ನಂಬುತ್ತೇನೆ.

ಬ್ಯೂರೋ ಆಫೀಸಿನ ಗೋಡೆಗೆ ತೂಗುಹಾಕಿದ ಕಾಗದಗಳಿಗೂ ಹೆಚ್ಚು ಬೆಲೆ ಕೊಡಬೇಡಿ. ಗುಮಾಸ್ತಾ ಲೈಸೆನ್ಸ್ (ಅಂಗಡಿ ನೋಂದಣಿ ಪತ್ರ) ಕೆಳಗಿನ ಸ್ಟೇಷನರಿ ಅಂಗಡಿಯವನ ಹತ್ತಿರವೂ ಇರುತ್ತದೆ. ಐಎಸ್‌ಒ 9001 ಎಂದರೆ ಕಚೇರಿಯ ಕಾರ್ಯಪದ್ಧತಿಗೆ ಸಿಕ್ಕ ಪತ್ರ, ಯಾರ ಬೆನ್ನಿಗೂ ಸಿಕ್ಕದ್ದಲ್ಲ. ನರ್ಸಿಂಗ್ ಹೋಮುಗಳಿಗೆ ಇಲ್ಲಿ 1949ರ ನೋಂದಣಿ ಕಾಯ್ದೆ ಇದೆ. ಮನೆಗೆ ಆರೈಕೆಯವರನ್ನು ಕಳಿಸುವ ಬ್ಯೂರೋಗಳು ಅದರೊಳಗೆ ಬರುವುದಿಲ್ಲ. ಹಿರಿಯ ನಾಗರಿಕರ 2007ರ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ ಮಸೂದೆಯಲ್ಲಿ ಮನೆ ಆರೈಕೆ ಸಂಸ್ಥೆಗಳ ನೋಂದಣಿಯ ಪ್ರಸ್ತಾಪವಿತ್ತು, ಆದರೆ ಅದು ಕಾನೂನಾಗಲಿಲ್ಲ. ಪೊಲೀಸ್ ವೆರಿಫಿಕೇಶನ್ ಖಂಡಿತ ಬೇಕು, ಆಧಾರ್ ಪ್ರತಿ, ಫೋಟೊ, ಊರಿನ ವಿಳಾಸ ಎಲ್ಲ ನಿಮ್ಮ ಹತ್ತಿರವೂ ಇರಲಿ. ಆದರೆ ವೆರಿಫಿಕೇಶನ್ ಹೇಳುವುದು ಇವಳ ಮೇಲೆ ಕೇಸಿಲ್ಲ ಎಂದಷ್ಟೇ. ಉಣಿಸಲು ಬರುತ್ತದೋ ಇಲ್ಲವೋ ಪೊಲೀಸರಿಗೆ ಹೇಗೆ ಗೊತ್ತಾಗಬೇಕು?

ಹಾಗಾದರೆ ಅಳೆಯುವುದು ಎಲ್ಲಿ? ಅವ್ವನ ಮೈಮೇಲೆ. ನನ್ನ ಸಲಹೆ ಒಂದೇ: ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಅವ್ವನ ಸ್ನಾನ ನೀವೇ ಮಾಡಿಸಿ. ಮಾವ್ಶಿ ಜೊತೆಗಿರಲಿ, ಎತ್ತಲು ಹಿಡಿಯಲು ಕೈಗೂಡಿಸಲಿ. ಪರೀಕ್ಷೆ ಮಾಡುತ್ತಿದ್ದೀರೆಂದು ಅವಳಿಗೆ ಅನ್ನಿಸಬೇಕಿಲ್ಲ, ಮಗಳು ತಾಯಿಗೆ ನೀರು ಹಾಕುವುದರಲ್ಲಿ ಅನುಮಾನ ಪಡುವುದೇನಿದೆ. ಆ ಅರ್ಧ ತಾಸಿನಲ್ಲಿ ಮೈ ಎಲ್ಲವನ್ನೂ ಹೇಳುತ್ತದೆ. ತಲೆಯ ಹಿಂಭಾಗ, ಕಿವಿಯ ಅಂಚು, ಮೊಣಕೈ, ಸೊಂಟದ ಎರಡೂ ಬದಿ, ಬಾಲಮೂಳೆ, ಹಿಮ್ಮಡಿ ನೋಡಿ. ಮೊಲೆಯ ಕೆಳಗಿನ ಮಡಿಕೆ, ತೊಡೆಸಂದುಗಳಲ್ಲಿ ಬಿಳಿಯ ಪದರ, ಕೆಂಪು, ವಾಸನೆ ಇದೆಯೇ ನೋಡಿ. ದಿನಾ ಮೈ ಒರೆಸಿದವರು ಮಡಿಕೆಯೊಳಗೆ ಒರೆಸಿದ್ದಾರೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ. ಬಿದ್ದುಹೋದ ಬಲಗೈಯ ಮುಷ್ಟಿ ಬಿಡಿಸಿ ಅಂಗೈ ನೋಡಿ. ಮುಚ್ಚಿಕೊಂಡೇ ಇರುವ ಆ ಮುಷ್ಟಿಯೊಳಗೆ ಕೊಳೆ ಕಟ್ಟಿದ್ದರೆ, ಉಗುರು ಅಂಗೈಗೆ ಚುಚ್ಚಿದ್ದರೆ ವಾರದಿಂದ ಯಾರೂ ಅದನ್ನು ತೆರೆದಿಲ್ಲ. ಬಲಭುಜ ಮುಟ್ಟಿದರೆ ಅವ್ವ ಮುಖ ಕಿವುಚುತ್ತಾಳೆಯೇ? ಲಕ್ವಾ ಆದ ಕೈಯನ್ನು ಹಿಡಿದೆಳೆದು ಎಬ್ಬಿಸುವ ಮನೆಗಳಲ್ಲಿ ಭುಜದ ಕೀಲು ಜಾರಿ ನೋವು ಶುರುವಾಗುತ್ತದೆ. ಎಬ್ಬಿಸುವಾಗ ಹಿಡಿಯಬೇಕಾದದ್ದು ಬೆನ್ನು ಮತ್ತು ಸೊಂಟವನ್ನು.

ಊಟದ ಸಮಯದಲ್ಲೂ ಒಮ್ಮೆ ಪಕ್ಕದಲ್ಲಿ ಕೂತುಕೊಳ್ಳಿ. ನಳಿಗೆ ಈಚೆಗಷ್ಟೇ ತೆಗೆದಿರುವುದರಿಂದ ಇದು ಸಣ್ಣ ವಿಷಯವಲ್ಲ. ಅನ್ನ, ನೀರು ಶ್ವಾಸನಾಳಕ್ಕಿಳಿದರೆ ನ್ಯುಮೋನಿಯಾ ಆಗಬಹುದು. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ, ಸಣ್ಣ ಚಮಚ, ಒಂದು ತುತ್ತು ನುಂಗಿದ ಮೇಲೆ ಇನ್ನೊಂದು, ಊಟವಾದ ಮೇಲೆ ಅರ್ಧ ತಾಸು ಕೂತೇ ಇರಬೇಕು. ನುಂಗಲು ಎಲ್ಲಕ್ಕಿಂತ ಕಷ್ಟವಾದದ್ದು ತೆಳ್ಳನೆಯ ನೀರು, ಚಹಾ, ಸಾರು. ಗಟ್ಟಿ ಗಂಜಿ ಅದಕ್ಕಿಂತ ಸುಲಭ. ಊಟ ಮುಗಿದು ಕಾಲು ತಾಸಾದ ಮೇಲೆ ಅವ್ವನ ಬಲಗೆನ್ನೆಯ ಒಳಗೆ ನೋಡಿ. ಸ್ಪರ್ಶ ಮಂಕಾದ ಆ ಬದಿಯಲ್ಲಿ ಅನ್ನ ಕೂತಿರುತ್ತದೆ, ರೋಗಿಗೆ ಗೊತ್ತೂ ಆಗುವುದಿಲ್ಲ. ಬಾಯಿ ತೊಳೆಸುವ ಮಾವ್ಶಿಯಾದರೆ ಕೆನ್ನೆ ಖಾಲಿ ಇರುತ್ತದೆ. ಬರಿ ಹೊರಗಿನಿಂದ ತುಟಿ ಒರೆಸುವವಳಾದರೆ ಇರುವುದಿಲ್ಲ. ಹತ್ತು ಪ್ರಮಾಣಪತ್ರಗಳಿಗಿಂತ ಈ ಒಂದು ಕೆನ್ನೆ ನನಗೆ ಹೆಚ್ಚು ಹೇಳುತ್ತದೆ.

ನೀರಿನ ಲೆಕ್ಕವನ್ನೂ ಕೇಳಿ. ಸಂಜೆ ಮೇಲೆ ನೀರು ಕೊಟ್ಟರೆ ರಾತ್ರಿ ಡೈಪರ್ ಬದಲಿಸಬೇಕಾಗುತ್ತದೆಂದು ನೀರೇ ಕಡಿಮೆ ಮಾಡುವ ಅಭ್ಯಾಸ ಈ ಕಸುಬಿನಲ್ಲಿದೆ. ಮೂತ್ರ ಕಡು ಹಳದಿಯಾಗುವುದು, ಮಲಬದ್ಧತೆ, ಒಣಗಿದ ನಾಲಿಗೆ ಅದರ ಗುರುತು. ಡೈಪರನ್ನು ಮೂರು ನಾಲ್ಕು ತಾಸಿಗೊಮ್ಮೆ ಬಿಚ್ಚಿ ನೋಡಬೇಕು, ಮಲವಾದರೆ ತಕ್ಷಣ ಬದಲಿಸಬೇಕು. ಹತ್ತರ ಪ್ಯಾಕು ನಾಲ್ಕು ದಿನ ಬಂದರೆ ಸಂತೋಷಪಡಬೇಡಿ, ಮಿತವ್ಯಯದ ಬೆಲೆ ಚರ್ಮ ತೆರುತ್ತಿರುತ್ತದೆ.

ಹಗಲಿಡೀ ಮಂಪರು ಎಂದಿದ್ದೀರಿ. ನಿಮ್ಮ ಮನಸ್ಸು ಎಲ್ಲಿಗೆ ಹೋಗಿದೆ ಎಂದು ಊಹಿಸಬಲ್ಲೆ: ನಿದ್ದೆ ಗುಳಿಗೆ ಹೆಚ್ಚು ಕೊಡುತ್ತಿದ್ದಾಳೆಯೇ? ಹಾಗಾಗುವುದುಂಟು, ಸುಳ್ಳು ಹೇಳುವುದಿಲ್ಲ. ರಾತ್ರಿ ತಾನು ಮಲಗಬೇಕೆಂದು ಒಂದರ ಬದಲು ಎರಡು ಕೊಟ್ಟವರನ್ನು ಕಂಡಿದ್ದೇನೆ. ಅದನ್ನು ತಿಳಿಯುವ ದಾರಿ ಸುಲಭ. ಗುಳಿಗೆಗಳು ನಿಮ್ಮ ಕಪಾಟಿನಲ್ಲಿರಲಿ, ದಿನದ ಡಬ್ಬಿ ನೀವೇ ತುಂಬಿಡಿ, ಸ್ಟ್ರಿಪ್ಪಿನಲ್ಲಿ ಉಳಿದದ್ದನ್ನು ಎಣಿಸಿ. ಆದರೆ ಮೊದಲೇ ಅವಳ ಮೇಲೆ ಹೊರೆಸಬೇಡಿ. ಈ ವಯಸ್ಸಿನಲ್ಲಿ ಮಂಪರಿಗೆ ಬೇರೆ ಕಾರಣಗಳೂ ಇವೆ: ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು, ನೀರು ಸಾಲದಿರುವುದು, ಸಕ್ಕರೆ ಇಳಿಯುವುದು, ಸ್ಟ್ರೋಕ್ ಆದ ಮೇಲಿನ ಆಯಾಸ ಮತ್ತು ಖಿನ್ನತೆ, ಡಾಕ್ಟರೇ ಬರೆದುಕೊಟ್ಟ ಫಿಟ್ಸ್ ಗುಳಿಗೆ. ಡಾಕ್ಟರಿಗೆ ಈ ವಾರವೇ ತಿಳಿಸಿ, ರಕ್ತ ಮತ್ತು ಮೂತ್ರ ಪರೀಕ್ಷೆ ಆಗಲಿ. ಮಂಪರು ಏಕಾಏಕಿ ಹೆಚ್ಚಿ ಎಬ್ಬಿಸಿದರೂ ಏಳದಿದ್ದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ನೀಲಿ ಗುರುತಿನ ವಿಷಯವೂ ಹಾಗೆಯೇ. ಸ್ಟ್ರೋಕ್ ಆದವರಿಗೆ ಸಾಮಾನ್ಯವಾಗಿ ರಕ್ತ ತೆಳುವಾಗಿಸುವ ಗುಳಿಗೆ ನಡೆದಿರುತ್ತದೆ, ಚರ್ಮ ಕಾಗದದಂತೆ ಆಗಿರುತ್ತದೆ. ಬಿಪಿ ಪಟ್ಟಿ ಕಟ್ಟಿದರೂ ನೀಲಿಗಟ್ಟುತ್ತದೆ. ಮುಂಗೈ ಮೇಲೆ ಒಂದೊಂದು ಕಲೆ ಕಂಡರೆ ನಾನು ಅನುಮಾನ ಪಡುವುದಿಲ್ಲ. ತೋಳಿನ ಒಳಬದಿಯಲ್ಲಿ ಬೆರಳು ಮೂಡಿದಂಥ ಸಾಲು, ಮಣಿಕಟ್ಟಿನ ಸುತ್ತ ಪಟ್ಟಿ, ಕೆನ್ನೆ, ಕಿವಿ, ತೊಡೆಯ ಒಳಭಾಗ, ಹಳೆಯದು ಹೊಸದು ಒಟ್ಟಿಗೆ ಇರುವುದು, ಕೇಳಿದರೆ ಒಂದೊಂದು ಸಲ ಒಂದೊಂದು ಕಥೆ, ಇವು ಕಂಡರೆ ಅನುಮಾನ ಪಡಬೇಕು. ಪ್ರತಿ ಗುರುತನ್ನೂ ತಾರೀಖು ಸಮೇತ ಫೋನಿನಲ್ಲಿ ಫೋಟೊ ತೆಗೆದಿಡಿ. ಮಾವ್ಶಿ ಡ್ಯೂಟಿಗೆ ಸೇರಿದ ದಿನವೇ ಅವಳೆದುರು ಮೈ ನೋಡಿ ಬರೆದಿಟ್ಟರೆ ಹಿಂದಿನವರ ಗಾಯ ಇವಳ ತಲೆಗೆ ಬರುವುದೂ ತಪ್ಪುತ್ತದೆ. ಅವಳಿಗೂ ಅದು ರಕ್ಷೆ.

ಒಂದು ಉದ್ದ ನೋಟ್‌ಬುಕ್ ಇಡಿ: ಮಗ್ಗುಲು, ಊಟ, ನೀರು, ಗುಳಿಗೆ, ಮೂತ್ರ, ಮಲ. ಮರಾಠಿಯಲ್ಲಿ ಬರೆದರೂ ಸರಿ, ಟಿಕ್ ಹಾಕಿದರೂ ಸರಿ. ನೋಟ್‌ಬುಕ್ ಓದುವುದಕ್ಕೂ ಒಂದು ಕಣ್ಣು ಬೇಕು. 8, 10, 12, 2 ಎಂದು ಮುತ್ತು ಪೋಣಿಸಿದಂತೆ ಒಂದೇ ಶಾಯಿಯಲ್ಲಿ ಇದ್ದರೆ ಅದನ್ನು ಸಂಜೆ ಒಂದೇ ಕೂರಿನಲ್ಲಿ ತುಂಬಿದ್ದಾರೆ. 8.20, 10.45, ‘12ಕ್ಕೆ ಊಟ ಬೇಡ ಅಂದರು’ ಎಂದು ಅಡ್ಡಾದಿಡ್ಡಿ ಇದ್ದರೆ ನಿಜವಾಗಿ ಮಾಡಿ ಬರೆದದ್ದು. ವಾರದ ಮಧ್ಯೆ ಒಂದು ದಿನ ಹೇಳದೆ ಮಧ್ಯಾಹ್ನದ ಲೋಕಲ್ ಹಿಡಿದು ಮನೆಗೆ ಬನ್ನಿ. ಒಂದು ರಾತ್ರಿ ಮೂರಕ್ಕೆ ಎದ್ದು ನೋಡಿ. ಫಿಸಿಯೋಥೆರಪಿಸ್ಟ್ ಬರುತ್ತಿದ್ದರೆ ಅವರನ್ನು ಪ್ರತ್ಯೇಕವಾಗಿ ಕೇಳಿ. ವಾರಕ್ಕೆ ಎರಡು ಮೂರು ಸಲ ಬರುವ ಹೊರಗಿನವರಿಗೆ, ನಮಗೆ ರೂಢಿಯಾಗಿ ಕಣ್ಣಿಗೆ ಬೀಳದೆ ಹೋದದ್ದೂ ಕಾಣುತ್ತದೆ.

ಎರಡು ತಿಂಗಳಲ್ಲಿ ಇಬ್ಬರು ಯಾಕೆ ಬಿಟ್ಟುಹೋದರು? ಬ್ಯೂರೋ ಹೇಳುವ ಕಾರಣ ‘ಊರಿಗೆ ಹೋದಳು’. ಕೆಲವೊಮ್ಮೆ ನಿಜವೂ ಇರುತ್ತದೆ, ಗಣಪತಿ, ಹೋಳಿ, ಮೇ ತಿಂಗಳಲ್ಲಿ ಅರ್ಧ ಮುಂಬೈಯ ಆಯಾಗಳು ಊರಿನಲ್ಲಿರುತ್ತಾರೆ. ಆದರೆ ಇನ್ನೊಂದು ಪದ್ಧತಿ ಇದೆ: ಹೊಸ ಗಿರಾಕಿಗೆ ಮೊದಲು ಕೈ ಪಳಗಿದವರನ್ನು ಕಳಿಸಿ, ನೀವು ಒಗ್ಗಿದ ಮೇಲೆ ಅವರನ್ನು ತೆಗೆದು ಹೊಸಬರನ್ನು ಹಾಕುವುದು. ಹೋದವರಿಗೆ ನೀವೇ ಒಮ್ಮೆ ಫೋನ್ ಮಾಡಿ ಕೇಳಿ. ನೀವು ಕೊಡುವ ಹಣದಲ್ಲಿ ಕೈಗೆ ಎಷ್ಟು ಬರುತ್ತದೆ, ಯಾವ ತಾರೀಖಿಗೆ ಬರುತ್ತದೆ, ಖಾಡಾ (ಗೈರುಹಾಜರಿ) ಆದರೆ ಎಷ್ಟು ಕಡಿಯುತ್ತಾರೆ ಎಂದು ಈಗಿನವಳನ್ನೂ ಕೇಳಿ. ಬ್ಯೂರೋ ಕಮಿಷನ್ ತೆಗೆಯುವುದು ತಪ್ಪಲ್ಲ. ಅರ್ಧಕ್ಕರ್ಧ ತೆಗೆದು, ಸಂಬಳ ಎರಡು ತಿಂಗಳು ತಡೆಹಿಡಿಯುವ ಕಡೆ ಯಾವ ಒಳ್ಳೆಯ ಆಯಾಳೂ ನಿಲ್ಲುವುದಿಲ್ಲ, ನಿಂತವಳಿಗೆ ಕೆಲಸದಲ್ಲಿ ಮನಸ್ಸಿರುವುದಿಲ್ಲ.

ಇನ್ನೊಂದು ಮಾತು, ನಿಮಗೆ ಅನ್ವಯಿಸದಿದ್ದರೆ ಬಿಟ್ಟುಬಿಡಿ. ಮುಂಬೈಯ ನಮ್ಮ ಕನ್ನಡ ಮನೆಗಳಲ್ಲೂ ಆಯಾಗೆ ಬೇರೆ ತಟ್ಟೆ, ಬೇರೆ ಲೋಟ, ಅಡುಗೆಮನೆಗೆ ಪ್ರವೇಶವಿಲ್ಲ, ಬ್ಯೂರೋಗೆ ಫೋನ್ ಮಾಡಿ ‘ಯಾವ ಜಾತಿಯವಳು’ ಎಂದು ಕೇಳುವುದು ಎಲ್ಲ ನಡೆದಿದೆ. ನಮ್ಮ ತಾಯಿಯ ಮಲ ತೊಳೆಯುವ ಕೈ ನಮ್ಮ ಲೋಟ ಮುಟ್ಟಬಾರದು ಎಂಬ ಮನೆಯಲ್ಲಿ ನಾನಾಗಿದ್ದರೂ ಹೆಚ್ಚು ದಿನ ನಿಲ್ಲುತ್ತಿರಲಿಲ್ಲ. ಹಾಗೆಯೇ ಹಾಲಿನಲ್ಲಿ ಟಿವಿ ಮುಗಿಯುವವರೆಗೂ ಅವಳಿಗೆ ಮಲಗಲು ಜಾಗವಿಲ್ಲ, ಊಟ ಎಲ್ಲರದಾದ ಮೇಲೆ, ಸಂಜೆ ಪಾತ್ರೆಯನ್ನೂ ತಿಕ್ಕಲಿ ಎಂಬುದು. ಇವೆಲ್ಲ ಕೊನೆಗೆ ರೋಗಿಯ ಮೇಲೆಯೇ ಬಂದು ಬೀಳುತ್ತವೆ.

ಬ್ಯೂರೋವನ್ನು ಅಳೆಯುವುದಾದರೆ ನಾನು ಸೂಪರ್‌ವೈಸರನ್ನು ನೋಡುತ್ತೇನೆ. ಆಳು ಕಳಿಸುವ ಮೊದಲು ಯಾರಾದರೂ ಮನೆಗೆ ಬಂದು ಅವ್ವನನ್ನು ನೋಡಿದ್ದರೇ? ಏನು ಮಾಡಬೇಕು, ಏನು ಮಾಡಬಾರದು ಎಂದು ಬರೆದುಕೊಟ್ಟರೇ? ತರಬೇತಾದ ನರ್ಸ್ ತಿಂಗಳಿಗೊಮ್ಮೆಯಾದರೂ ಹೇಳದೆ ಬಂದು ಬೆನ್ನು ತಿರುಗಿಸಿ ನೋಡುತ್ತಾರೆಯೇ? ಆಯಾ ಬದಲಾಗುವಾಗ ಹಳೆಯವಳು ಹೊಸಬಳಿಗೆ ಅರ್ಧ ತಾಸು ನಿಂತು ತೋರಿಸಿಕೊಡುತ್ತಾಳೆಯೇ, ಅಥವಾ ಒಬ್ಬಳು ಲಿಫ್ಟಿನಲ್ಲಿ ಇಳಿಯುವಾಗ ಇನ್ನೊಬ್ಬಳು ಹತ್ತುತ್ತಾಳೆಯೇ? ಜುಲೈಯ ಮಳೆಗೆ ಕುರ್ಲಾ, ಸಾಯನ್‌ನಲ್ಲಿ ಹಳಿ ಮುಳುಗಿ ಸೆಂಟ್ರಲ್ ಲೈನ್ ನಿಂತ ದಿನ ಏನು ಮಾಡುತ್ತೀರಿ ಎಂದು ಕೇಳಿ ನೋಡಿ. ನಿಜವಾಗಿ ಕೆಲಸ ನಡೆಸುವವರು ‘ಕಲ್ಯಾಣ್-ಡೊಂಬಿವಲಿಯಲ್ಲೇ ಇರುವ ಇಬ್ಬರು ಬದಲಿಯವರಿದ್ದಾರೆ’ ಎಂದು ಹೇಳುತ್ತಾರೆ. ಬರೀ ದಲ್ಲಾಳಿಯಾದವರು ‘ಚಿಂತೆ ಮಾಡಬೇಡಿ ಮೇಡಂ’ ಅನ್ನುತ್ತಾರೆ.

ಈಗ ನಿಮ್ಮ ಮುಂದಿರುವ ದಾರಿಗಳು. ತಮ್ಮ ಹೇಳುವ ದೊಡ್ಡ ಕಂಪನಿಯಲ್ಲಿ ಬಿಲ್ಲು, ದೂರು ಕೊಡಲು ನಂಬರ್, ಬದಲಿ ಆಳು ಸಿಗುವ ಸಾಧ್ಯತೆ ಹೆಚ್ಚು, ಕೆಲವು ಕಡೆ ಒಳ್ಳೆಯ ತರಬೇತಿಯೂ ಇದೆ. ದರವೂ ಹೆಚ್ಚು. ಆದರೆ ಎಷ್ಟೋ ಕಡೆ ಅವರೂ ಸಣ್ಣ ಬ್ಯೂರೋಗಳಿಂದಲೇ ಆಳು ತರಿಸಿ ಟೀಶರ್ಟ್ ತೊಡಿಸುತ್ತಾರೆ. ‘ಇವಳು ನಿಮ್ಮ ಪಗಾರದವಳೋ, ಹೊರಗಿನವಳೋ’ ಎಂದು ನೇರವಾಗಿ ಕೇಳಿ. ಆಯಾಳನ್ನು ಬ್ಯೂರೋ ಬಿಟ್ಟು ನೇರ ಇಟ್ಟುಕೊಂಡರೆ ಅವಳಿಗೂ ಹೆಚ್ಚು ಉಳಿಯುತ್ತದೆ, ನಿಮಗೂ ಕಡಿಮೆಯಾಗುತ್ತದೆ. ಆದರೆ ಅವಳು ಜ್ವರ ಬಂದು ಮಲಗಿದ ದಿನ ನೀವು ರಜೆ ಹಾಕಬೇಕು, ಮತ್ತು ಬ್ಯೂರೋದ ಫಾರ್ಮಿನಲ್ಲಿ ಹಾಗೆ ಮಾಡಿದರೆ ದಂಡವೆಂಬ ಷರತ್ತಿಗೆ ನೀವು ಸಹಿ ಹಾಕಿರಬಹುದು, ಓದಿಕೊಳ್ಳಿ. ಕೆಲವು ವಾರದ ಮಟ್ಟಿಗೆ ಆರೈಕೆ ಕೇಂದ್ರದಲ್ಲಿ ಇಡುವುದು ಮತ್ತೊಂದು ದಾರಿ. ಬೆಡ್‌ಸೋರ್ ದೊಡ್ಡದಾದರೆ ಅದು ಬೇಕಾಗಬಹುದು, ಈಗ ಬೇಡ. ಕನ್ನಡ ಬಾರದ ಹೊಸ ಜಾಗದಲ್ಲಿ ಅವ್ವ ಇನ್ನಷ್ಟು ಮುದುಡುತ್ತಾಳೆ.

ನನ್ನನ್ನು ಕೇಳಿದರೆ, ಈಗಿನ ಹುಡುಗಿಯನ್ನು ಹಗಲಿನ 12 ತಾಸಿಗೆ ಉಳಿಸಿಕೊಂಡು ರಾತ್ರಿಗೆ ಇನ್ನೊಬ್ಬರನ್ನು ಗೊತ್ತುಮಾಡಿ. ಖರ್ಚು ಏರುತ್ತದೆ, ಗೊತ್ತು. ಆಗದಿದ್ದರೆ ರಾತ್ರಿ ಹನ್ನೆರಡರ ಮತ್ತು ಬೆಳಿಗ್ಗೆ ನಾಲ್ಕರ ಮಗ್ಗುಲನ್ನು ನೀವೂ ಯಜಮಾನರೂ ಹಂಚಿಕೊಳ್ಳಿ, ಉಳಿದ ಎರಡು ಅವಳಿಗಿರಲಿ, ಮಧ್ಯಾಹ್ನ ಅವ್ವ ಮಲಗಿದಾಗ ಅವಳೂ ಮಲಗಲಿ. ಇದರ ಜೊತೆಗೆ ವಾರಕ್ಕೊಮ್ಮೆ ನೋಂದಾಯಿತ ನರ್ಸ್ ಒಬ್ಬರು ಬಂದು ಅರ್ಧ ತಾಸು ಮೈ ನೋಡಿ, ಹುಡುಗಿಗೆ ಕೈಹಿಡಿದು ತೋರಿಸಿ ಹೋಗುವ ವ್ಯವಸ್ಥೆ ಮಾಡಿ. ಸೌಮ್ಯ ಸ್ವಭಾವದ, ಕಲಿಯಲು ಒಪ್ಪುವ ಆಯಾಳನ್ನು ಕಲೆಯೊಂದಕ್ಕಾಗಿ ಕಳಿಸಿದರೆ ನಾಲ್ಕನೆಯವಳು ಇನ್ನೆಂಥವಳೋ. ಎರಡು ವಾರ ಕಲಿಸಿ ನೋಡಿ.

ಸಿಸಿಟಿವಿ ಹಾಕುವುದಾದರೆ ಅವಳಿಗೆ ಹೇಳಿ ಹಾಕಿ, ಬಾಗಿಲು ಮತ್ತು ಹಾಸಿಗೆಯ ತಲೆಭಾಗ ಕಾಣುವಂತೆ. ನಿಮ್ಮ ಅವ್ವನ ಡೈಪರ್ ಬದಲಿಸುವುದು ಯಜಮಾನರ ಫೋನಿನಲ್ಲಿ ಕಾಣಬೇಕಿಲ್ಲ. ಆ ಹುಡುಗಿ ಅದೇ ಕೋಣೆಯಲ್ಲಿ ಬಟ್ಟೆ ಬದಲಿಸುವವಳಾದರೆ ಗುಟ್ಟಾಗಿ ಕ್ಯಾಮೆರಾ ಇಡುವುದು ಅಪರಾಧವೂ ಹೌದು. ಕ್ಯಾಮೆರಾ ಹೊಡೆತ, ಬಡಿತ, ಕಳ್ಳತನ ತೋರಿಸುತ್ತದೆ, ಕೆನ್ನೆಯೊಳಗಿನ ಅನ್ನ ತೋರಿಸುವುದಿಲ್ಲ.

ಭಾಷೆಯ ಬಗ್ಗೆ ನೀವು ಹೇಳಿ ಬಿಟ್ಟುಬಿಟ್ಟಿದ್ದೀರಿ, ನನಗೆ ಅದು ಮುಖ್ಯವೆನಿಸಿತು. ಸ್ಟ್ರೋಕ್ ಆದ ಕೆಲವರಲ್ಲಿ ಮೊದಲು ಕಲಿತ ಭಾಷೆಯೇ ಮೊದಲು ಮರಳುತ್ತದೆ. ಅವ್ವ ‘ನೀರು’, ‘ನೋವು’, ‘ಸಾಕು’ ಅಂದರೆ ಹುಡುಗಿಗೆ ತಿಳಿಯುವುದಿಲ್ಲ, ಅವ್ವ ಸಿಟ್ಟಿಗೇಳುತ್ತಾಳೆ, ಹುಡುಗಿ ‘ಹಟ ಮಾಡುತ್ತಾರೆ’ ಎಂದು ನಿಮಗೆ ಹೇಳುತ್ತಾಳೆ. ಅವ್ವ ಆಡುವ ಆ ಹತ್ತಿಪ್ಪತ್ತು ಶಬ್ದಗಳನ್ನು ದೇವನಾಗರಿಯಲ್ಲಿ ಬರೆದು, ಪಕ್ಕದಲ್ಲಿ ಮರಾಠಿ ಅರ್ಥ ಬರೆದು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿ. ‘ಒಲ್ಲೆ’ ಅಂದರೆ ಬೇಡ ಎಂಬುದನ್ನು ಮರೆಯದೆ ಸೇರಿಸಿ, ಧಾರವಾಡದವರ ಬಾಯಲ್ಲಿ ಅದೇ ಹೆಚ್ಚು.

ಕೆಲವು ಸಂದರ್ಭಗಳಲ್ಲಿ ಮಾತ್ರ ಕಲಿಸುವ, ಕಾಯುವ ಪ್ರಶ್ನೆ ಇಲ್ಲ, ಅಂದೇ ಕಳಿಸಬೇಕು: ಕೈ ಮಾಡಿದರೆ, ಕೈಕಾಲು ಕಟ್ಟಿದರೆ, ಡಾಕ್ಟರ್ ಬರೆಯದ ಗುಳಿಗೆ ಕೊಟ್ಟರೆ, ಅವ್ವ ಬಿದ್ದದ್ದನ್ನು ಮುಚ್ಚಿಟ್ಟರೆ. ರಕ್ತ ತೆಳುವಾಗಿಸುವ ಗುಳಿಗೆ ತಿನ್ನುವವರು ತಲೆ ಬಡಿದುಕೊಂಡರೆ ಮೇಲೆ ಗಾಯವಿಲ್ಲದಿದ್ದರೂ ಒಳಗೆ ರಕ್ತಸ್ರಾವ ಆಗಬಹುದು, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಹಿಂಸೆಯಾದರೆ 112ಕ್ಕೆ ಫೋನ್ ಮಾಡಿ, ಹಿರಿಯರ ಸಹಾಯವಾಣಿ 14567. ಬ್ಯೂರೋ ಜೊತೆಗಿನ ಮಾತೆಲ್ಲ ವಾಟ್ಸಾಪಿನಲ್ಲಿ ಲಿಖಿತವಾಗಿ ಇರಲಿ. ದುಡ್ಡನ್ನು ನಗದಾಗಿ ಕೊಡಬೇಡಿ, ರಸೀದಿ ಕೇಳಿ. ತಿಂಗಳ ಅಡ್ವಾನ್ಸ್ ಕೊಟ್ಟಿದ್ದು ನಡುವೆ ಬಿಡಿಸಿದರೆ ಉಳಿದ ದಿನಗಳ ಹಣ ವಾಪಸ್ ಕೇಳಿ. ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಆಗ ಆ ರಸೀದಿ, ಆ ಮೆಸೇಜು, ಆ ನೋಟ್‌ಬುಕ್ ಮೂರೂ ನಿಮ್ಮ ಕೈಯಲ್ಲಿರಬೇಕು.